ಬೀದರಿನ ಕಪ್ಪು ನೆಲದ ಮೇಲೆ ಬೆಳ್ಳಿಯ ಹೂವು

ನೀರು ಕಾಯಿಸುವುದಕ್ಕೆ ಪಾತ್ರೆಯ ಮೇಲೆ ಹೂವಿರಬೇಕಾದ ಅಗತ್ಯವಿಲ್ಲ. ಮೈತುಂಬ ಬಳ್ಳಿಯ ಚಿತ್ತಾರವಿದ್ದರೆ ನೀರು ಬೇಗ ಕುದಿಯುವುದೂ ಇಲ್ಲ. ಆದರೂ ಮನುಷ್ಯ ಲೋಹ ಕರಗಿಸಿ ಎರಕ ಹೊಯ್ಯಲು ಕಲಿತಂದಿನಿಂದ ತನ್ನ ಪಾತ್ರೆಗಳನ್ನು ಬರಿದಾಗಿ ಬಿಟ್ಟದ್ದು ಕಡಿಮೆ. ಹೂಜಿ, ತಂಬಿಗೆ, ಗಿಂಡಿ, ಎಲೆಯಡಿಕೆಯ ಪೆಟ್ಟಿಗೆ ಎಲ್ಲದರ ಮೇಲೂ ಅವನು ಏನನ್ನಾದರೂ ಬರೆದಿದ್ದಾನೆ. ಈ ಬರಹವನ್ನು ಓದುವುದು ಹೇಗೆ? ಹೂವು ಎಂದರೆ ಬರಿಯ ಹೂವೇ, ಅಥವಾ ಅದರ ಹಿಂದೆ ಮತ್ತೊಂದು ಮಾತಿದೆಯೇ? ಪಾತ್ರೆಯ ಬಣ್ಣಕ್ಕೆ ಒಂದು ಅರ್ಥವಿದೆಯೇ?

ಜಪಾನಿನಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. ಅಲ್ಲಿನ ಇವಾತೆ ಪ್ರಾಂತದ ಮೊರಿಯೊಕ ಪಟ್ಟಣ ಎರಕದ ಕಬ್ಬಿಣದ ಕೆಟಲುಗಳಿಗೆ ಹೆಸರಾಗಿದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ನಂಬು ಮನೆತನದ ಪಾಳೆಯಗಾರರು ಕ್ಯೋಟೊದಿಂದ ಎರಕದ ಕಸುಬಿನವರನ್ನು ಕರೆಸಿಕೊಂಡರು. ಅಲ್ಲಿಂದ ಬೆಳೆದು ಬಂದ ಈ ಕಸುಬನ್ನು 1975ರಲ್ಲಿ ಜಪಾನ್ ಸರಕಾರ ಸಾಂಪ್ರದಾಯಿಕ ಕರಕುಶಲ ಎಂದು ಗುರುತಿಸಿತು. ಕೆಟಲಿನ ಮೈಮೇಲೆ ಸಾಲುಸಾಲಾಗಿ ಎದ್ದು ನಿಂತ ಸಣ್ಣ ಗುಬ್ಬಿಗಳಿಗೆ ಆಲಿಕಲ್ಲು ಎಂದು ಹೆಸರು. ದೇವದಾರಿನಂಥ ಪೈನ್ ಮರ, ಬಿದಿರು ಮತ್ತು ಪ್ಲಮ್ ಹೂವು ಒಟ್ಟಾಗಿ ಬಂದರೆ ಚಳಿಗೂ ಬಗ್ಗದ ಬಾಳು ಎಂದರ್ಥ. ಕೊಕ್ಕರೆ ಮತ್ತು ಆಮೆ ದೀರ್ಘಾಯುಸ್ಸಿನ ಗುರುತುಗಳು. ಹಳೆಯ ಕೆಟಲುಗಳ ಬಣ್ಣ ಅರಗಿನಿಂದ ಬಂದ ಕಪ್ಪು ಅಥವಾ ಕಂದು. ಇತ್ತೀಚಿನ ದಶಕಗಳಲ್ಲಿ ಹೊರದೇಶಗಳ ಗಿರಾಕಿಗಳಿಗಾಗಿ ಕೆಂಪು, ನೀಲಿ, ಹಸಿರು ಟೀ ಪಾಟುಗಳೂ ಬಂದಿವೆ. ಅವುಗಳೊಂದಿಗೆ ಯಾವ ಬಣ್ಣಕ್ಕೆ ಯಾವ ಅರ್ಥ ಎಂಬ ಪಟ್ಟಿಯೂ ಮಾರಾಟಕ್ಕೆ ಬಂದಿದೆ.

ಇದನ್ನು ಓದುವಾಗ ನಮಗೆ ನಮ್ಮದೇ ನಾಡಿನ ಒಂದು ಕಪ್ಪು ಪಾತ್ರೆ ನೆನಪಾಗುತ್ತದೆ. ಅದೂ ಎರಕ ಹೊಯ್ದದ್ದೇ. ಅದರ ಮೇಲೂ ಹೂವುಬಳ್ಳಿಗಳಿವೆ. ಅದು ಬೀದರಿನ ಬಿದ್ರಿ ಪಾತ್ರೆ. ಕರ್ನಾಟಕದ ಸರಕಾರಿ ಅಂಗಡಿಗಳಲ್ಲಿ, ಸನ್ಮಾನ ಸಮಾರಂಭಗಳ ವೇದಿಕೆಗಳಲ್ಲಿ ಅದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದರ ಕಪ್ಪು ಎಲ್ಲಿಂದ ಬಂತು, ಅದರ ಹೂವು ಏನು ಹೇಳುತ್ತದೆ, ಅದನ್ನು ಮಾಡಿದ ಕೈಗಳು ಯಾರವು ಎಂಬುದನ್ನು ವಿಚಾರಿಸುವವರು ಕಡಿಮೆ.

ಕೋಟೆಯ ಮಣ್ಣು ಕೊಟ್ಟ ಬಣ್ಣ

ಬಿದ್ರಿ ಪಾತ್ರೆಯ ಮೂಲ ಲೋಹ ಬೆಳ್ಳಿಯೂ ಅಲ್ಲ, ಕಬ್ಬಿಣವೂ ಅಲ್ಲ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿದ ಮಿಶ್ರಲೋಹ ಅದು. ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಬೆರೆಸಿ ಅಚ್ಚು ಮಾಡಿ ಅದರಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ತೆಗೆದಾಗ ಪಾತ್ರೆ ಮಾಸಲು ಬೂದು ಬಣ್ಣದ್ದು, ಮೈಯೆಲ್ಲ ಒರಟು. ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತಿನ ನೀರು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕುಶಲಕರ್ಮಿ ಚೂಪಾದ ಉಳಿಯಿಂದ ಕೈಬರಹದಲ್ಲೇ ಚಿತ್ರ ಗೀರುತ್ತಾನೆ. ಈ ಉಳಿಗೆ ಕಲಂ ಎಂದು ಹೆಸರು. ಬರೆಯುವ ಲೇಖನಿಗೂ ಅದೇ ಹೆಸರು ಎಂಬುದನ್ನು ಓದುಗರು ಗಮನಿಸಬೇಕು. ಗೀರಿದ ಗೆರೆಯನ್ನು ಆಳವಾಗಿ ಕೊರೆದು ಅದರಲ್ಲಿ ಬೆಳ್ಳಿಯ ತಂತಿ ಅಥವಾ ತೆಳ್ಳನೆಯ ತಗಡನ್ನು ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತಹನಿಶಾನ್ ಎಂದೂ ಕರೆಯುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪೆಲ್ಲ ಹೋಗುತ್ತದೆ. ಬೂದು ಲೋಹದಲ್ಲಿ ಬೆಳ್ಳಿ ಎಲ್ಲಿದೆ ಎಂದು ಕಣ್ಣಿಗೆ ಹತ್ತುವುದೇ ಕಷ್ಟ.

ಕೊನೆಯ ಕೆಲಸ ಮಣ್ಣಿನದು. ಬೀದರಿನ ಹಳೆಯ ಕೋಟೆಯೊಳಗೆ ಎಷ್ಟೋ ವರ್ಷಗಳಿಂದ ಮಳೆ ಬಿಸಿಲು ತಾಗದ ಜಾಗದ ಮಣ್ಣನ್ನು ತರುತ್ತಾರೆ. ಅನುಭವಿ ಉಸ್ತಾದರು ಅದನ್ನು ನಾಲಿಗೆಯ ತುದಿಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಮಣ್ಣಿನಲ್ಲಿರುವ ಉಪ್ಪಿನ ಅಂಶಗಳು ನವಸಾಗರದೊಂದಿಗೆ ಸೇರಿ ಸತುತಾಮ್ರದ ಮೈಯನ್ನು ಗಾಢ ಕಪ್ಪಾಗಿಸುತ್ತವೆ. ಬೆಳ್ಳಿಗೆ ಮಾತ್ರ ಅದು ತಟ್ಟುವುದಿಲ್ಲ. ತೊಳೆದು ಎಣ್ಣೆ ಸವರಿದಾಗ ರಾತ್ರಿಯ ಆಕಾಶದಲ್ಲಿ ಬೆಳದಿಂಗಳು ಬಿದ್ದಂತೆ ಹೂವು ಹೊಳೆಯುತ್ತದೆ.

ಜಪಾನಿನ ಕೆಟಲಿಗೆ ಅರಗಿನ ಕಪ್ಪನ್ನು ಹೊರಗಿನಿಂದ ಲೇಪಿಸುತ್ತಾರೆ. ಬಿದ್ರಿಯ ಕಪ್ಪು ಲೋಹ ಮತ್ತು ಮಣ್ಣಿನ ನಡುವೆ ಹುಟ್ಟುತ್ತದೆ. ಆದ್ದರಿಂದ ಬಿದ್ರಿಯ ಬಣ್ಣದ ಮೊದಲ ಅರ್ಥ ಊರು. ಆ ಊರಿನ ಕೋಟೆಯ ಮಣ್ಣು ಪಾತ್ರೆಯ ಮೈಯಲ್ಲಿ ಉಳಿದಿದೆ. ಪಾತ್ರೆಗೆ ಊರಿನ ಹೆಸರೇ ಬಂದದ್ದು ಸಹಜವಾಗಿದೆ.

ಇರಾನಿನ ಕತೆ, ದಖ್ಖನಿನ ಕೆಲಸ

ಬಹಮನಿ ಸುಲ್ತಾನ ಒಂದನೆಯ ಅಹ್ಮದ್ ಶಾಹ್ (1422-1436) ಗುಲ್ಬರ್ಗದಿಂದ ಬೀದರಿಗೆ ರಾಜಧಾನಿಯನ್ನು ತಂದ. ಆ ಕಾಲದ ಆಸುಪಾಸಿನಲ್ಲಿ ಇರಾನಿನಿಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿಯನ್ನು ಸುಲ್ತಾನರು ಕರೆಸಿಕೊಂಡರು, ಅವನು ಸ್ಥಳೀಯರೊಂದಿಗೆ ಸೇರಿ ಈ ಕಲೆಯನ್ನು ಬೆಳೆಸಿದ ಎಂಬುದು ಕುಶಲಕರ್ಮಿಗಳ ಮನೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ. ಕತೆಗೆ ಅದರದೇ ಬೆಲೆಯಿದೆ. ಆದರೆ ಇಂದು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಬಿದ್ರಿ ಪಾತ್ರೆಗಳು ಹದಿನೇಳನೆಯ ಶತಮಾನದವು. ಅವುಗಳಲ್ಲಿ ಬಹಳಷ್ಟು ಹುಕ್ಕಾದ ನೀರಿನ ಬುರುಡೆಗಳು. ಹೊಗೆಸೊಪ್ಪು ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂತು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಬಿಜಾಪುರದಲ್ಲಿ ಕಂಡು ಆಗ್ರಾಕ್ಕೆ ಒಯ್ದ. ಹೀಗಿರುವಾಗ ಹುಕ್ಕಾದ ಬುರುಡೆಯನ್ನು ಬಹಮನಿ ಕಾಲದ್ದು ಎನ್ನುವಂತಿಲ್ಲ.

ಹಾಗೆಂದು ಬೀದರಿನಲ್ಲಿ ಕಪ್ಪಿನ ಮೇಲೆ ಬಿಳುಪನ್ನು ಕೂರಿಸುವ ರುಚಿ ಪಾತ್ರೆಗಳಲ್ಲಿ ಮಾತ್ರ ಇತ್ತೆಂದಲ್ಲ. ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋದವರು ಅದನ್ನು ಗೋಡೆಯಲ್ಲೇ ಕಾಣಬಹುದು. ಬರೀದ್ ಶಾಹಿ ದೊರೆ ಅಲಿ ಬರೀದನ (1542-1580) ಕಾಲದ ಈ ಅರಮನೆಯಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೊರೆದು ಕೂರಿಸಿದ್ದಾರೆ. ಬಳ್ಳಿಗಳೂ ಪಾರ್ಸಿ ಪದ್ಯದ ಸಾಲುಗಳೂ ಕಪ್ಪು ಕಲ್ಲಿನಲ್ಲಿ ಮಿನುಗುತ್ತವೆ. ಕಲ್ಲಿನಲ್ಲಿ ಚಿಪ್ಪು, ಲೋಹದಲ್ಲಿ ಬೆಳ್ಳಿ. ಒಂದೇ ಊರಿನ ಕಣ್ಣು ಎರಡನ್ನೂ ನೋಡಿದೆ.

ಶುದ್ಧ ಬೆಳ್ಳಿ ಯಾಕಲ್ಲ?

ಬೆಳ್ಳಿ ಕೊಳ್ಳಬಲ್ಲ ನವಾಬರು, ಜಾಗೀರುದಾರರು ಪೂರ್ತಿ ಬೆಳ್ಳಿಯ ಪಾತ್ರೆಯನ್ನೇ ಮಾಡಿಸಬಹುದಿತ್ತು. ಸತುವಿನ ಮೇಲೆ ಬೆಳ್ಳಿಯ ಗೆರೆ ಎಳೆಸುವ ಕಷ್ಟವೇಕೆ? ಇಲ್ಲಿ ಇಸ್ಲಾಮಿನ ಒಂದು ಬೋಧನೆಯನ್ನು ನೆನೆಯಬೇಕಾಗುತ್ತದೆ. ಚಿನ್ನ ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದನ್ನೂ ಕುಡಿಯುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಹಸಿದವರ ನಡುವೆ ಸಂಪತ್ತಿನ ಮೆರೆದಾಟ ಬೇಡ ಎಂಬ ತಿಳುವಳಿಕೆಯನ್ನು ವಿದ್ವಾಂಸರು ಇದರಲ್ಲಿ ಕಂಡಿದ್ದಾರೆ. ಬೇರೆ ಲೋಹದ ಪಾತ್ರೆಗೆ ಬೆಳ್ಳಿಯ ಅಲಂಕಾರವಿದ್ದರೆ ಹೇಗೆ ಎಂಬ ಪ್ರಶ್ನೆಯನ್ನು ಫಿಕ್ಹ್ ಪಂಡಿತರು ದೀರ್ಘವಾಗಿ ಚರ್ಚಿಸಿದ್ದಾರೆ. ಅವರಲ್ಲಿ ಭಿನ್ನಾಭಿಪ್ರಾಯಗಳಿವೆ. ಮೊಸೂಲ್, ಡಮಾಸ್ಕಸ್, ಹೆರಾತ್ ನಗರಗಳಲ್ಲಿ ಹಿತ್ತಾಳೆಯ ಮೇಲೆ ಬೆಳ್ಳಿ ಕೂರಿಸುವ ಕಲೆ ಬೆಳೆದುದರ ಹಿಂದೆ ಈ ಬೋಧನೆಯ ನೆರಳಿದೆ ಎನ್ನುವವರಿದ್ದಾರೆ. ಅರಸರು ಎಲ್ಲ ಕಾಲದಲ್ಲೂ ಧರ್ಮದ ಮಾತು ಕೇಳಿದವರಲ್ಲ, ಚಿನ್ನದ ತಟ್ಟೆಯಲ್ಲಿ ಉಂಡ ಬಾದಶಹರೂ ಇದ್ದರು. ಆದ್ದರಿಂದ ಇದೊಂದೇ ಕಾರಣ ಎನ್ನಲಾಗದು. ಆದರೂ ಅಗ್ಗದ ಲೋಹಕ್ಕೆ ಕೈಕೆಲಸದಿಂದ ಬೆಲೆ ತರುವ ಈ ದಾರಿ ಆ ಬೋಧನೆಗೆ ಹತ್ತಿರದ್ದು. ಬಿದ್ರಿ ಪಾತ್ರೆಯಲ್ಲಿ ಲೋಹದ ಬೆಲೆಗಿಂತ ಮನುಷ್ಯನ ದುಡಿಮೆಯ ಬೆಲೆ ದೊಡ್ಡದು.

ಇನ್ನು ಕಪ್ಪು. ಶುಭ ಕಾರ್ಯಗಳಲ್ಲಿ ಕಪ್ಪು ಬಣ್ಣ ಬೇಡ ಎನ್ನುವ ನಂಬಿಕೆ ನಮ್ಮ ನಾಡಿನ ಅನೇಕ ಮನೆಗಳಲ್ಲಿದೆ. ಅದೇ ಮನೆಗಳಲ್ಲಿ ಮದುಮಗಳ ಕೊರಳಿಗೆ ಕರಿಮಣಿ ಬೇಕೇ ಬೇಕು. ಮುಸ್ಲಿಮರಲ್ಲಿ ಕಾಬಾದ ಹೊದಿಕೆ ಕಪ್ಪು, ಮುಹರ್ರಮಿನಲ್ಲಿ ಶಿಯಾ ಬಾಂಧವರ ಶೋಕದ ಉಡುಪೂ ಕಪ್ಪು. ಒಂದೇ ಬಣ್ಣ ಒಂದೆಡೆ ಗೌರವ, ಇನ್ನೊಂದೆಡೆ ದುಃಖ, ಮತ್ತೊಂದೆಡೆ ಸೌಭಾಗ್ಯ. ಹೈದರಾಬಾದ್ ಸಂಸ್ಥಾನದ ಮನೆತನಗಳಲ್ಲಿ ಮಗಳ ಮದುವೆಗೆ ಬಿದ್ರಿಯ ಪಾನ್‌ದಾನ್ ಮತ್ತಿತರ ಪಾತ್ರೆಗಳನ್ನು ಕೊಡುವ ರೂಢಿಯಿತ್ತು. ಅಲ್ಲಿ ಯಾರೂ ಕಪ್ಪನ್ನು ಅಪಶಕುನ ಎನ್ನಲಿಲ್ಲ. ಬೆಳ್ಳಿಯನ್ನು ಎತ್ತಿ ತೋರಿಸುವ ನೆಲವಾಗಿ ಕಪ್ಪಿಗೆ ಅಲ್ಲಿ ಮರ್ಯಾದೆ ಸಿಕ್ಕಿತು.

ಗಸಗಸೆ, ಅಶರಫಿ, ಮೀನು

ಬಿದ್ರಿಯ ಮೇಲೆ ಹೆಚ್ಚಾಗಿ ಕಾಣುವ ಹೂವು ಗಸಗಸೆಯದು. ನೆಟ್ಟಗೆ ನಿಂತ ದಂಟು, ತುದಿಯಲ್ಲಿ ತುಸು ಬಾಗಿದ ಹೂವು, ಬುಡದಲ್ಲಿ ಎಲೆ. ಒಂದೊಂದು ಗಿಡ ಒಂದೊಂದು ಕಮಾನಿನೊಳಗೆ. ಜಹಾಂಗೀರ್ ಬಾದಶಹ 1620ರಲ್ಲಿ ಕಾಶ್ಮೀರದ ವಸಂತವನ್ನು ಕಂಡು ಬೆರಗಾಗಿ ತನ್ನ ಚಿತ್ರಕಾರ ಮನ್ಸೂರನಿಂದ ಹೂಗಳನ್ನು ಬರೆಸಿದ. ಆ ಬಳಿಕ ಹೂಗಿಡದ ಈ ಮಾದರಿ ಮೊಗಲರ ಕಟ್ಟಡ, ಬಟ್ಟೆ, ಪುಸ್ತಕದ ಅಂಚುಗಳಲ್ಲೆಲ್ಲ ಹರಡಿತು. ಮೊಗಲ ಸೈನ್ಯ ದಖ್ಖನಿಗೆ ಬಂದಂತೆ ಹೂವೂ ಬಂತು.

ಪಾರ್ಸಿ ಮತ್ತು ಉರ್ದು ಕಾವ್ಯದಲ್ಲಿ ಲಾಲಾ ಎಂಬ ಕೆಂಪು ಹೂವಿಗೆ ದೊಡ್ಡ ಸ್ಥಾನವಿದೆ. ಅದರ ಕೆಂಪು ಹುತಾತ್ಮನ ರಕ್ತ, ನಡುವಿನ ಕಪ್ಪು ಕಲೆ ಪ್ರೇಮಿಯ ಎದೆಯ ಸುಟ್ಟ ಗಾಯ. ಗಸಗಸೆಯ ಹೂವೂ ಇದೇ ಸಾಲಿನದು. ಆದರೆ ಬಿದ್ರಿಯಲ್ಲಿ ಕೆಂಪೇ ಇಲ್ಲ! ಬಣ್ಣದಿಂದಲೇ ಅರ್ಥ ಪಡೆದ ಹೂವು ಇಲ್ಲಿ ಬಣ್ಣ ಕಳೆದುಕೊಂಡು ಬೆಳ್ಳಿಯಾಗಿ ನಿಂತಿದೆ. ಕಾವ್ಯ ಬಲ್ಲ ಯಜಮಾನ ಅದರಲ್ಲಿ ಹುತಾತ್ಮನನ್ನು ಕಂಡಿರಬಹುದು. ಹೊಲದಲ್ಲಿ ಗಸಗಸೆ ಕಂಡ ರೈತನಿಗೆ ಅದು ಬೆಳೆ. ಉಳಿ ಹಿಡಿದವನಿಗೆ ಅದು ತನ್ನ ತಂದೆ ಕಲಿಸಿದ ಹದಿನೈದು ಇಪ್ಪತ್ತು ಗೀರುಗಳು.

ದುಂಡನೆಯ ಸಣ್ಣ ಹೂಗಳನ್ನು ಸಾಲಾಗಿ ಕೂರಿಸುವ ಮಾದರಿಗೆ ಅಶರಫಿ ಕಿ ಬೂಟಿ ಎಂದು ಹೆಸರು. ಅಶರಫಿ ಎಂದರೆ ಚಿನ್ನದ ನಾಣ್ಯ. ಹೂವೋ ನಾಣ್ಯವೋ ಎಂದು ಹೇಳಲಾಗದ ಈ ಚಿತ್ತಾರದಲ್ಲಿ ಸಮೃದ್ಧಿಯ ಹಾರೈಕೆ ಸ್ಪಷ್ಟವಾಗಿಯೇ ಇದೆ. ನಕ್ಷತ್ರ ಮತ್ತು ಬಹುಕೋನಗಳ ಜಾಲ ಮಸೀದಿ, ಮದ್ರಸಗಳ ಗೋಡೆಗಳಿಂದ ಪಾತ್ರೆಗೆ ಇಳಿದು ಬಂದದ್ದು. 1472ರಲ್ಲಿ ಮಹ್ಮೂದ್ ಗವಾನ್ ಕಟ್ಟಿಸಿದ ಮದ್ರಸದ ಬಣ್ಣದ ಹೆಂಚುಗಳನ್ನು ನೋಡಿ ಬೆಳೆದ ಊರಿನಲ್ಲಿ ಇದು ಅಚ್ಚರಿಯಲ್ಲ. ಬೆಳ್ಳಿಯ ತಗಡನ್ನೇ ಮೈತುಂಬ ಹೊದಿಸಿ, ಅದನ್ನು ಕತ್ತರಿಸಿ ಕಪ್ಪು ಹೂವು ಕಾಣುವಂತೆ ಮಾಡುವ ಒಂದು ವಿಧಾನವಿದೆ. ಅದಕ್ಕೆ ಆಫ್ತಾಬಿ, ಅಂದರೆ ಸೂರ್ಯನದು ಎಂದು ಹೆಸರು. ಅಲ್ಲಿ ನೆಲ ಬೆಳಕಾಗುತ್ತದೆ, ಹೂವು ನೆರಳಾಗುತ್ತದೆ.

ಮೀನಿನ ಕತೆ ಇನ್ನೂ ಸ್ವಾರಸ್ಯದ್ದು. ಮೊಗಲರು ತಮ್ಮ ಉನ್ನತ ಸರದಾರರಿಗೆ ಮಾಹೀ ಮರಾತಿಬ್ ಎಂಬ ಮೀನಿನ ಲಾಂಛನವನ್ನು ಗೌರವವಾಗಿ ಕೊಡುತ್ತಿದ್ದರು. ಅವಧದ ನವಾಬರ ಲಾಂಛನವೂ ಜೋಡಿ ಮೀನು. ಲಕ್ನೋದಲ್ಲಿ ತಯಾರಾದ ಬಿದ್ರಿಯಲ್ಲಿ ಮೀನು ಮತ್ತೆ ಮತ್ತೆ ಬರುತ್ತದೆ. ಜೈನರ ಅಷ್ಟಮಂಗಲಗಳಲ್ಲಿಯೂ ಜೋಡಿ ಮೀನಿದೆ. ಹಿಂದೂಗಳಲ್ಲಿ ಮತ್ಸ್ಯಾವತಾರವಿದೆ. ಒಂದು ಪಾತ್ರೆಯ ಮೇಲಿನ ಮೀನು ಯಾವ ಧರ್ಮದ್ದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರಶ್ನೆಯೇ ತಪ್ಪಾಗಿದೆ.

ನೀರು ಕೊಡುವ ಪಾತ್ರೆ

ಅಲಂಕಾರದ ಅರ್ಥವನ್ನು ಹೂವಿನಲ್ಲಷ್ಟೇ ಹುಡುಕಿದರೆ ಸಾಲದು. ಪಾತ್ರೆ ಯಾವ ಕೆಲಸಕ್ಕೆ ಎಂಬುದರಲ್ಲಿಯೂ ಅದು ಅಡಗಿದೆ. ಹಳೆಯ ಬಿದ್ರಿಯಲ್ಲಿ ಹುಕ್ಕಾ, ಸುರಾಹಿ, ಪಾನ್‌ದಾನ್‌ಗಳ ಜೊತೆಗೆ ಆಫ್ತಾಬಾ ಎಂಬ ಮೂತಿಯುಳ್ಳ ಹೂಜಿ ಮತ್ತು ಅದರೊಂದಿಗಿನ ಬೋಗುಣಿ ಸಿಗುತ್ತವೆ. ಊಟಕ್ಕೆ ಮೊದಲು, ಊಟದ ಬಳಿಕ ಅತಿಥಿಯ ಮುಂದೆ ಬೋಗುಣಿ ಹಿಡಿದು ಕೈಗೆ ನೀರು ಎರೆಯುವುದು ಮುಸ್ಲಿಂ ಮನೆಗಳ ಹಳೆಯ ಉಪಚಾರ. ವುಝೂ ಮಾಡಲು ಬಳಸುವ ಮೂತಿಯುಳ್ಳ ಲೋಟವೂ ಇದೇ ಕುಲದ್ದು. ಸಣ್ಣ ಮೂತಿಯಿಂದ ಬರುವ ಧಾರೆ ಹರಿಯುವ ನೀರೂ ಹೌದು, ದುಂದಾಗದ ನೀರೂ ಹೌದು.

ಬೀದರಿನಿಂದ ಬಹುದೂರದ ನಮ್ಮ ಯಲ್ಲಾಪುರ, ಸಿರಸಿ, ಸಿದ್ದಾಪುರ ಸೀಮೆಯಲ್ಲಿ ಬಿದ್ರಿ ಇಲ್ಲ. ಆದರೆ ಇಲ್ಲಿನ ಹಳೆಯ ಮನೆಗಳ ಜಗುಲಿಯಲ್ಲಿ ತಾಮ್ರದ ತಂಬಿಗೆ, ಹಿತ್ತಾಳೆಯ ಗಿಂಡಿ ಇದ್ದವು. ಬಂದವರಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ಕುಡಿಯಲು ಬೆಲ್ಲ ನೀರು, ಅನಂತರ ಎಲೆಯಡಿಕೆ. ಗಿಂಡಿಯ ಮೂತಿಗೂ ಆಫ್ತಾಬಾದ ಮೂತಿಗೂ ಇರುವ ಹೋಲಿಕೆಯನ್ನು ನೋಡಿದರೆ, ಎರಡು ಸಮುದಾಯಗಳು ಅತಿಥಿಯ ವಿಷಯದಲ್ಲಿ ಎಷ್ಟು ಒಂದೇ ಬಗೆಯಲ್ಲಿ ಯೋಚಿಸಿದವು ಎಂಬುದು ತಿಳಿಯುತ್ತದೆ. ಪಾನ್‌ದಾನ್ ಮತ್ತು ನಮ್ಮ ಕಡೆಯ ಎಲೆಯಡಿಕೆಯ ಹರಿವಾಣದ ನಡುವೆಯೂ ಇದೇ ನಂಟಿದೆ.

ಅಲಂಕಾರ ಹೆಚ್ಚುವರಿಯ ಸಂಗತಿಯಲ್ಲ ಎಂಬುದಕ್ಕೂ ನಮ್ಮ ಕಡೆಯಲ್ಲೇ ಒಂದು ಸಾಕ್ಷಿಯಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬಾಳುವ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲೆಯುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡುಗಳನ್ನು ಕೂರಿಸುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೆಲವರ ಕೌದಿಯಲ್ಲಿ ಅರ್ಧಚಂದ್ರ ಬರುತ್ತದೆ, ಕೆಲವರದರಲ್ಲಿ ಶಿಲುಬೆ. ಮೂಲೆಯ ಹೂವು ಮಾತ್ರ ಎಲ್ಲರದು. ಚಳಿಯಲ್ಲಿ ಮಗುವಿಗೆ ಹೊದಿಸುವ ಕೌದಿಗೂ ಹೂವು ಬೇಕು ಎನ್ನುವ ಬಡವರ ಈ ಹಟವನ್ನು ಅರ್ಥಮಾಡಿಕೊಂಡರೆ ನವಾಬರ ಹುಕ್ಕಾದ ಮೇಲಿನ ಹೂವೂ ಅರ್ಥವಾಗುತ್ತದೆ.

ಮಾಡಿದವರು, ಕೊಂಡವರು

ಬೀದರಿನಲ್ಲಿ ಈ ಕಸುಬನ್ನು ಮುಸ್ಲಿಮರೂ ಲಿಂಗಾಯತರೂ ಮಾಡಿಕೊಂಡು ಬಂದಿದ್ದಾರೆ. ಉಳಿಯ ಗೀರು ನೋಡಿ ಇದು ಇಂಥವರ ಕೈ ಎಂದು ಜಾತಿ ಧರ್ಮ ಹೇಳಲು ಸಾಧ್ಯವಿಲ್ಲ. ಅದೇ ಊರಿನ ಬಳಿ ಅಷ್ಟೂರಿನಲ್ಲಿ ಅಹ್ಮದ್ ಶಾಹ್ ವಲಿಯ ಸಮಾಧಿಯಿದೆ. ಅವನ ಉರೂಸಿಗೆ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಇಂಥ ಊರಿನಲ್ಲಿ ಇಂಥ ಪಾತ್ರೆ ಹುಟ್ಟಿತು.

1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಿದ್ರಿ ಪಾತ್ರೆಗಳು ಕಾಣಿಸಿಕೊಂಡವು. ಆದರೆ ಕಸುಬಿನ ಅನ್ನ ಬರುತ್ತಿದ್ದುದು ದಖ್ಖನಿನ ಶ್ರೀಮಂತ ಮನೆಗಳಿಂದ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಆ ದಿನಗಳ ಹಿಂಸೆಯಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರೂ ಒಂದು ಎಂದು ಪಂಡಿತ ಸುಂದರಲಾಲ್ ಸಮಿತಿಯ ವರದಿ ಹೇಳಿದೆ. 1949ರಲ್ಲಿ ಜಾಗೀರುಗಳು ರದ್ದಾದವು. ಊಳಿಗಮಾನ್ಯದ ಹೊರೆ ಇಳಿದದ್ದು ನ್ಯಾಯವೇ. ಆದರೆ ಹುಕ್ಕಾ ಮತ್ತು ಪಾನ್‌ದಾನ್ ಕೊಳ್ಳುವವರೂ ಅದರೊಂದಿಗೆ ಕರಗಿದರು. 1956ರ ನವೆಂಬರ್ 1ರಂದು ಬೀದರ್ ಕನ್ನಡ ನಾಡಿಗೆ ಸೇರಿತು. ಕಸುಬು ಸರಕಾರಿ ಮಳಿಗೆಗಳ ಆಸರೆಗೆ ಬಂತು. 2006ರ ಹೊತ್ತಿಗೆ ಬಿದ್ರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರದ ವಿಷಯ ಬಿದ್ರಿಯೇ ಆಗಿತ್ತು. 2023ರಲ್ಲಿ ಬೀದರಿನ ಹಿರಿಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಈ ಅವಧಿಯಲ್ಲಿ ಪಾತ್ರೆಯ ಬಾಳು ಬದಲಾಗಿದೆ. ಆಫ್ತಾಬಾದಿಂದ ಈಗ ಯಾರೂ ಕೈ ತೊಳೆಯುವುದಿಲ್ಲ. ಹೂದಾನಿ, ಕೀ ಚೈನು, ಕಫ್ ಲಿಂಕು, ಪೆನ್ ಡ್ರೈವಿನ ಕವಚಗಳ ಮೇಲೆ ಅದೇ ಗಸಗಸೆಯ ಹೂವು ಕುಳಿತಿದೆ. ಕಸುಬು ಬದುಕಲು ಇದು ಅನಿವಾರ್ಯ, ಇದನ್ನು ನಾವು ಹಳಿಯುವುದಿಲ್ಲ. ಕೊಳ್ಳುವವರು ಅಲಂಕಾರವನ್ನಷ್ಟೇ ಕೊಂಡು ದುಡಿಮೆಯನ್ನು ಮರೆಯುವುದು ಮಾತ್ರ ಸರಿಯಲ್ಲ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ತಂತಿ ತೆಳ್ಳಗಾಗುತ್ತದೆ, ಕೊರೆಯುವವನ ಕೂಲಿಗೆ ಕತ್ತರಿ ಬೀಳುತ್ತದೆ. ಸತು ಕರಗಿಸುವ ಹೊಗೆಯಲ್ಲಿ ಕುಳಿತು, ಕಣ್ಣು ಕೀಲಿಸಿ ದಿನವಿಡೀ ಕೊರೆಯುವ ಕೆಲಸಕ್ಕೆ ತಕ್ಕ ಸಂಪಾದನೆ ಇಲ್ಲವಾದರೆ ಮಕ್ಕಳು ಬೇರೆ ದಾರಿ ಹಿಡಿಯುವುದನ್ನು ಯಾವ ಪ್ರಶಸ್ತಿಯೂ ತಡೆಯಲಾರದು.

ಇನ್ನೊಂದು ಆತಂಕವೂ ನಮಗಿದೆ. ಇದು ಹಸಿರು ಒಬ್ಬರದು, ಕೇಸರಿ ಇನ್ನೊಬ್ಬರದು ಎಂದು ಬಣ್ಣಗಳನ್ನೂ ಪಾಲು ಹಾಕಿಕೊಂಡ ಕಾಲ. ಬಟ್ಟೆ, ಊಟ, ಊರಿನ ಹೆಸರು ಎಲ್ಲಕ್ಕೂ ಧರ್ಮದ ಚೀಟಿ ಅಂಟಿಸಲಾಗುತ್ತಿದೆ. ಬಿದ್ರಿಯನ್ನು ಮುಸ್ಲಿಂ ಕಲೆ ಎಂದು ಒಬ್ಬರು ದೂರ ಇಡಬಹುದು, ನಮ್ಮದು ಮಾತ್ರ ಎಂದು ಇನ್ನೊಬ್ಬರು ಬೀಗಬಹುದು. ಎರಡೂ ಇತಿಹಾಸಕ್ಕೆ ಬಗೆವ ದ್ರೋಹ. ಇರಾನಿನ ಕತೆ, ಮೊಗಲರ ಹೂವು, ದಖ್ಖನಿನ ಮಣ್ಣು, ಲಿಂಗಾಯತರ ಮತ್ತು ಮುಸ್ಲಿಮರ ಕೈ, ಪಾರ್ಸಿಯ ಹೆಸರುಗಳು, ಕನ್ನಡದ ನೆಲ. ಇವುಗಳಲ್ಲಿ ಯಾವ ಒಂದನ್ನು ತೆಗೆದರೂ ಆ ಪಾತ್ರೆ ಆಗುತ್ತಿರಲಿಲ್ಲ.

ಆದ್ದರಿಂದ ಬಿದ್ರಿಯ ಒಂದು ವಸ್ತುವನ್ನು ಕೊಳ್ಳುವ ಅಥವಾ ಉಡುಗೊರೆ ಕೊಡುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಅಂಗಡಿಯವರು ಕೊಡುವ ಅರ್ಥದ ಚೀಟಿಗೆ ತೃಪ್ತರಾಗದಿರಿ. ಸಾಧ್ಯವಾದರೆ ಬೀದರಿಗೆ ಹೋಗಿ. ರಂಗೀನ್ ಮಹಲಿನ ಗೋಡೆ ನೋಡಿ, ಅಷ್ಟೂರಿಗೆ ಹೋಗಿ ಬನ್ನಿ. ಕುಶಲಕರ್ಮಿಗಳ ಓಣಿಯಲ್ಲಿ ಕುಳಿತು ಈ ಹೂವಿಗೆ ಏನೆನ್ನುತ್ತೀರಿ, ಇದನ್ನು ಯಾರಿಂದ ಕಲಿತಿರಿ, ಒಂದು ಪಾತ್ರೆಗೆ ಎಷ್ಟು ದಿನ ಹಿಡಿಯುತ್ತದೆ, ನಿಮ್ಮ ಕೈಗೆ ಎಷ್ಟು ಸಿಗುತ್ತದೆ ಎಂದು ಕೇಳಿ. ಅವರು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟು, ಮನೆಗೆ ತಂದ ಮೇಲೆ ಮಕ್ಕಳಿಗೆ ಆ ಮಾತುಗಳನ್ನು ಹೇಳಿ.